ಗಾಳಿಯಿಲ್ಲದ ಟೈರು ಮತ್ತು ನಮ್ಮ ಹೋಂ ಕೇರ್ ವ್ಯಾನು: ಗಡಿನಾಡಿನ ಒಂದು ಪ್ರಕರಣ

ಕಾಸರಗೋಡು ಜಿಲ್ಲೆಯ ಪೂರ್ವಭಾಗದಲ್ಲಿ ಓಡಾಡುವ ಒಂದು ಪಾಲಿಯೇಟಿವ್ (ಗುಣವಾಗದ ಕಾಯಿಲೆಯವರ ನೋವು ತಗ್ಗಿಸುವ ಆರೈಕೆಯ) ವ್ಯಾನಿಗೆ ಗಾಳಿಯಿಲ್ಲದ ಟೈರು ಹೊಂದೀತೇ ಎಂಬ ಪ್ರಶ್ನೆ ಕಳೆದ ಮಳೆಗಾಲದಲ್ಲಿ ನಮ್ಮೆದುರು ಬಂತು. ಪ್ರಶ್ನೆ ಕೇಳಿದವರು ಆ ವ್ಯಾನಿನ ಚಾಲಕರು. ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾಗಿ, ಈಗ ಆ ವ್ಯಾನು ನಡೆಸುವ ಘಟಕದ ಸ್ವಯಂಸೇವಕನಾಗಿರುವ ನನ್ನ ಪಾಲಿಗೆ ಉತ್ತರ ಹುಡುಕುವ ಕೆಲಸ ಬಂತು. ನೋಡಿದ್ದು, ಲೆಕ್ಕ ಹಾಕಿದ್ದು, ಕೊನೆಗೆ ತೀರ್ಮಾನಿಸಿದ್ದು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ಕಾರಿಗೆ ಇಂಥ ಟೈರು ಬಂದೇ ಬಿಟ್ಟಿತು ಎನ್ನುವ ವಿಡಿಯೋಗಳು ಮೊಬೈಲಿನಲ್ಲಿ ಸಾಕಷ್ಟು ಓಡಾಡುತ್ತಿವೆ. ಒಂದು ನಿಶ್ಚಿತ ಗಾಡಿ, ಒಂದು ನಿಶ್ಚಿತ ದಾರಿಯನ್ನು ಇಟ್ಟುಕೊಂಡು ಯೋಚಿಸಿದರೆ ಚಿತ್ರ ಹೆಚ್ಚು ಸ್ಪಷ್ಟವಾಗುತ್ತದೆ.

ಗಾಡಿ ಮತ್ತು ದಾರಿ

ಕೇರಳ ಸರ್ಕಾರ 2008ರಲ್ಲಿ ಪಾಲಿಯೇಟಿವ್ ಆರೈಕೆಗೆ ಒಂದು ನೀತಿ ಪ್ರಕಟಿಸಿತು. ದೇಶದಲ್ಲಿ ಅಂಥ ನೀತಿ ತಂದ ಮೊದಲ ರಾಜ್ಯ ಅದು. ಅದರ ಫಲವಾಗಿ ಇಲ್ಲಿನ ಪಂಚಾಯತುಗಳಲ್ಲಿ ಹಾಸಿಗೆ ಹಿಡಿದವರ ಮನೆಗೇ ನರ್ಸ್ ಹೋಗುವ ವ್ಯವಸ್ಥೆ ಬೆಳೆಯಿತು. ಜೊತೆಗೆ ಸ್ವಯಂಸೇವಕರ ಘಟಕಗಳೂ ಹುಟ್ಟಿಕೊಂಡವು. ಬೆನ್ನುಹುರಿಗೆ ಪೆಟ್ಟಾದವರು, ಪಾರ್ಶ್ವವಾಯು ಬಡಿದವರು, ಕ್ಯಾನ್ಸರಿನ ಕೊನೆಯ ಹಂತದಲ್ಲಿರುವವರು. ಹುಣ್ಣು ತೊಳೆದು ಕಟ್ಟುವುದು, ಮೂತ್ರದ ಕೊಳವೆ ಬದಲಾಯಿಸುವುದು, ನೋವಿನ ಮಾತ್ರೆ ತಲುಪಿಸುವುದು ಇವೆಲ್ಲ ನಿತ್ಯದ ಕೆಲಸ.

ನಮ್ಮ ವ್ಯಾನು ಏಳು ಜನ ಕೂರಬಹುದಾದ ಸಾಮಾನ್ಯ ಪೆಟ್ರೋಲ್ ಗಾಡಿ. ಟೈರು 13 ಇಂಚಿನ ರಿಮ್ಮಿನದು, ಅಗಲ 155 ಮಿ.ಮೀ. ಖಾಲಿ ಇದ್ದರೆ ಹೆಚ್ಚುಕಡಿಮೆ ಒಂದು ಟನ್ ತೂಗುತ್ತದೆ. ಚಾಲಕರು, ನರ್ಸ್, ಇಬ್ಬರು ಸ್ವಯಂಸೇವಕರು, ಆಕ್ಸಿಜನ್ ಸಿಲಿಂಡರು, ಗಾಲಿಕುರ್ಚಿ, ನೀರುಹಾಸಿಗೆ, ಮದ್ದಿನ ಪೆಟ್ಟಿಗೆ ಎಲ್ಲ ಸೇರಿದರೆ ಒಂದೂವರೆ ಟನ್ನಿನ ಹತ್ತಿರ ಹೋಗುತ್ತದೆ. ಈ ಎರಡು ತೂಕಗಳ ನಡುವಿನ ಅಂತರ ಮುಂದೆ ಮುಖ್ಯವಾಗುತ್ತದೆ.

ದಾರಿಯ ವಿಷಯ ಇನ್ನೂ ದೊಡ್ಡದು. ಚೆರ್ಕಳದಿಂದ ಬದಿಯಡ್ಕ, ಪೆರ್ಲ, ಅಡ್ಕಸ್ಥಳದ ಮೂಲಕ ಕಲ್ಲಡ್ಕಕ್ಕೆ ಹೋಗುವ ರಾಜ್ಯ ಹೆದ್ದಾರಿ ಡಾಮರಿನದು. ಅಲ್ಲಿ ಗಾಡಿಗೆ ಅಷ್ಟೇನೂ ಕಷ್ಟವಿಲ್ಲ. ಅಲ್ಲಿಂದ ಇಳಿದು ಸ್ವರ್ಗ, ವಾಣಿನಗರ, ಕಿನ್ನಿಂಗಾರಿನ ಕಡೆಯ ಒಳದಾರಿ ಹಿಡಿದ ಮೇಲೆ ಕತೆ ಬೇರೆ. ಪಂಚಾಯತಿನ ಕಾಂಕ್ರೀಟು ಒಂದು ಗಾಡಿಯ ಅಗಲಕ್ಕಷ್ಟೇ ಇರುತ್ತದೆ, ಅಂಚು ಮುರಿದಿರುತ್ತದೆ. ಎದುರಿನಿಂದ ಜೀಪು ಬಂದರೆ ಒಂದು ಬದಿಯ ಚಕ್ರ ಕೆಳಗೆ ಇಳಿಯಲೇಬೇಕು. ಆಮೇಲೆ ತೋಟದ ದಾರಿ. ಗುಡ್ಡೆ ಕಡಿದು ಮಾಡಿದ್ದು, ತಿರುವಿನಲ್ಲಿ ಮುರಕಲ್ಲಿನ (ಜಂಬಿಟ್ಟಿಗೆಯ) ತುಂಡು ಹಾಕಿ ಗಟ್ಟಿ ಮಾಡಿದ್ದು. ಹೊಸದಾಗಿ ಕಡಿದ ಮುರಕಲ್ಲಿನ ಅಂಚು ಎಷ್ಟು ಹರಿತ ಎಂಬುದು ಮನೆ ಕಟ್ಟಿಸಿದವರಿಗೆಲ್ಲ ಗೊತ್ತು. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಬೀಳುವ ಊರು ಇದು. ಜೂನಿನಿಂದ ಸೆಪ್ಟೆಂಬರಿನವರೆಗೆ ಆ ದಾರಿಗಳಲ್ಲಿ ಕೆಂಪು ಕೆಸರು ಹರಿಯುತ್ತಲೇ ಇರುತ್ತದೆ.

ರೋಗಿಯನ್ನು ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಬೇಕಾದಾಗ ಮಾತ್ರ ವ್ಯಾನು ಕುಂಬಳೆಗೆ ಇಳಿದು ರಾಷ್ಟ್ರೀಯ ಹೆದ್ದಾರಿ 66ಕ್ಕೆ ಸೇರುತ್ತದೆ. ಷಟ್ಪಥದ ಕೆಲಸ ನಡೆದ ವರ್ಷಗಳಲ್ಲಿ ಕಂಬಿ ಕಟ್ಟುವ ತಂತಿಯ ತುಂಡು, ಮೊಳೆ, ಸ್ಕ್ರೂ ಇವೆಲ್ಲ ಸರ್ವಿಸ್ ರಸ್ತೆಯ ಅಂಚಿಗೆ ಗುಡಿಸಿಬಂದು ಕೂತಿರುತ್ತಿದ್ದವು.

ಆಟಿಯ ಆ ದಿನ

ಪ್ರಶ್ನೆ ಹುಟ್ಟಿದ್ದು ಆಟಿ ತಿಂಗಳ, ಅಂದರೆ ಜುಲೈ-ಆಗಸ್ಟಿನ, ಒಂದು ದಿನ. ಬೆಳಿಗ್ಗೆ ಪೆರ್ಲದ ಹತ್ತಿರ ಹಿಂದಿನ ಚಕ್ರಕ್ಕೆ ಮೊಳೆ ಹೊಕ್ಕಿತು. ಸ್ಟೆಪ್ನಿ ಹಾಕಿ, ಪಂಚರಾದ ಚಕ್ರವನ್ನು ಪೇಟೆಯ ಅಂಗಡಿಯಲ್ಲಿ ಬಿಟ್ಟು, ಸಂಜೆ ಒಯ್ಯುತ್ತೇವೆ ಎಂದು ಹೇಳಿ ಮುಂದೆ ಹೋಗಿದ್ದರು. ಅಷ್ಟರಲ್ಲಿ ಒಂದು ಮನೆಯಿಂದ ಫೋನು. ಹಾಸಿಗೆ ಹಿಡಿದ ಅಜ್ಜನ ಮೂತ್ರದ ಕೊಳವೆ ಕಟ್ಟಿಕೊಂಡಿದೆ, ಹೊಟ್ಟೆ ಉಬ್ಬಿ ನೋವಿನಿಂದ ಒದ್ದಾಡುತ್ತಿದ್ದಾರೆ. ಕೊಳವೆ ಕಟ್ಟಿದವರ ನೋವು ನೋಡಿದವರಿಗೆ ಅದು ಕಾಯುವ ಕೆಲಸವಲ್ಲ ಎಂದು ಗೊತ್ತು.

ವ್ಯಾನು ತೋಟದ ದಾರಿಗೆ ತಿರುಗಿತು. ಇಳಿಜಾರಿನ ತಿರುವಿನಲ್ಲಿ ಮುಂದಿನ ಎಡ ಚಕ್ರ ಕೆಸರಿನೊಳಗಿದ್ದ ಮುರಕಲ್ಲಿನ ಅಂಚಿಗೆ ಒತ್ತಿ, ಟೈರಿನ ಪಕ್ಕೆ ಬೆರಳುದ್ದ ಹರಿಯಿತು. ಗಾಳಿ ಒಮ್ಮೆಗೇ ಹೋಯಿತು. ಸ್ಟೆಪ್ನಿ ಆಗಲೇ ಹಿಂದಿನ ಚಕ್ರದಲ್ಲಿತ್ತು.

"ಅಣ್ಣಾ, ನೀವು ಗಾಡಿ ನೋಡಿ. ನಾನು ನಡೆದೇ ಹೋಗ್ತೇನೆ" ಎಂದರು ನರ್ಸ್.

"ಸಿಸ್ಟರ್, ಸಂಕದ ಹತ್ರ ಜಾರ್ತದೆ. ಒಬ್ಬರನ್ನು ಜೊತೆಗೆ ಕರ್ಕೊಂಡು ಹೋಗಿ."

ಮದ್ದಿನ ಪೆಟ್ಟಿಗೆ ಹೊತ್ತುಕೊಂಡು, ಕೊಡೆ ಹಿಡಿದು, ಇಬ್ಬರು ತೋಟದ ನಡುವೆ ನಡೆದರು. ಅಜ್ಜನ ಮಗ "ಎಲ್ಲಿಗೆ ಮುಟ್ಟಿದ್ರಿ?" ಎಂದು ಫೋನಿನಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದರು. ನರ್ಸ್ ಅಲ್ಲಿಗೆ ಮುಟ್ಟುವಾಗ ಒಂದು ಗಂಟೆಗೂ ಹೆಚ್ಚು ತಡವಾಗಿತ್ತು. ಕೊಳವೆ ಬದಲಾಯಿಸಿದ ಮೇಲೆ ಅಜ್ಜ ನಿರಾಳವಾಗಿ ಮಲಗಿದರು. ಆದರೆ ಆ ದಿನ ನೋಡಬೇಕಿದ್ದ ಉಳಿದ ಮನೆಗಳು ಹಾಗೇ ಉಳಿದವು.

ಆ ವಾರದ ಸಭೆಯಲ್ಲಿ ಚಾಲಕರು ಕೇಳಿದರು: "ಮಾಷ್ಟ್ರೇ, ಗಾಳಿಯೇ ಬೇಡದ ಟೈರು ಬಂದಿದೆಯಂತಲ್ಲ? ಅದು ನಮಗೆ ಆಗುವುದಿಲ್ಲವಾ?"

ನನಗೆ ಇದು ತುಂಬ ಸರಿಯಾದ ಪ್ರಶ್ನೆ ಎನಿಸಿತು. ಮನೆಯ ಕಾರು ಪಂಚರಾದರೆ ಮದುವೆಗೋ ಪೇಟೆಗೋ ತಡವಾದೀತು. ಈ ಗಾಡಿ ನಿಂತರೆ ಯಾರದೋ ನೋವು ಅಷ್ಟು ಹೊತ್ತು ಮುಂದುವರಿಯುತ್ತದೆ.

ಗಾಡಿಯ ಪುಸ್ತಕ ಹೇಳಿದ್ದು

ಮೊದಲು ಗಾಡಿಯ ಲಾಗ್ ಪುಸ್ತಕ ತೆಗೆದು ಟೈರಿನ ತೊಂದರೆಗಳನ್ನು ಬೇರೆ ಬೇರೆ ಮಾಡಿದೆವು. ಪಂಚರ್ ಎಂದು ಒಂದೇ ಮಾತಿನಲ್ಲಿ ಬರೆದಿಟ್ಟದ್ದರ ಒಳಗೆ ನಾಲ್ಕು ಬಗೆಯ ತೊಂದರೆಗಳಿದ್ದವು. ನೆಲಕ್ಕೆ ತಾಗುವ ಭಾಗಕ್ಕೆ ಮೊಳೆ, ತಂತಿ ಹೊಕ್ಕಿದ್ದು. ಪಕ್ಕೆ ಹರಿದದ್ದು. ಹೊಂಡಕ್ಕೆ ಬಿದ್ದು ರಿಮ್ಮಿನ ಅಂಚು ಬಾಗಿ ಅಲ್ಲಿಂದ ಗಾಳಿ ಸೋರಿದ್ದು. ಇನ್ನು, ಏನೂ ತಾಗದೆ ದಿನದಿನವೂ ಸ್ವಲ್ಪ ಸ್ವಲ್ಪ ಗಾಳಿ ಇಳಿದದ್ದು.

ಮೊಳೆಯದ್ದೇ ಹೆಚ್ಚು. ಆದರೆ ಅದು ಸಣ್ಣ ಕಷ್ಟ. ಟ್ಯೂಬ್‌ಲೆಸ್ ಟೈರಿನಲ್ಲಿ ಗಾಳಿ ನಿಧಾನಕ್ಕೆ ಇಳಿಯುತ್ತದೆ, ಪೇಟೆಯ ಅಂಗಡಿಯಲ್ಲಿ ನೂರು-ನೂರೈವತ್ತು ರೂಪಾಯಿಗೆ ಮುಗಿಯುತ್ತದೆ. ದುಬಾರಿಯಾದದ್ದು ಪಕ್ಕೆ ಹರಿಯುವುದು. ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಬಾಗಿ ನೆಟ್ಟಗಾಗುವ ಜಾಗವಾದ್ದರಿಂದ ಅಲ್ಲಿ ಹಾಕಿದ ಪ್ಯಾಚು ನಿಲ್ಲುವುದಿಲ್ಲ, ಹಾಕುವುದೂ ಅಪಾಯ. ರಬ್ಬರು ಇನ್ನೂ ಚೆನ್ನಾಗಿ ಉಳಿದಿರುವ ಟೈರನ್ನೇ ಎಸೆಯಬೇಕಾಗುತ್ತದೆ. ಪಕ್ಕೆ ಹರಿದದ್ದೆಲ್ಲ ಮಳೆಗಾಲದ ತಿಂಗಳುಗಳಲ್ಲೇ. ಇದಕ್ಕೆ ಕಾರಣವಿದೆ. ಒದ್ದೆ ರಬ್ಬರು ಒಣ ರಬ್ಬರಿಗಿಂತ ಸುಲಭವಾಗಿ ಕೊಯ್ದುಹೋಗುತ್ತದೆ, ನೀರು ಅಲ್ಲಿ ಎಣ್ಣೆಯ ಕೆಲಸ ಮಾಡುತ್ತದೆ. ಮೇಲಿಂದ ಕೆಸರು ಕಲ್ಲನ್ನು ಮುಚ್ಚಿರುತ್ತದೆ.

ನಾಲ್ಕನೆಯದ್ದು, ಅಂದರೆ ಸದ್ದಿಲ್ಲದೆ ಇಳಿಯುವ ಗಾಳಿ, ಉಳಿದ ಮೂರಕ್ಕೂ ಬೆನ್ನೆಲುಬಾಗಿತ್ತು. ಗಾಳಿ ಕಡಿಮೆಯಾದ ಟೈರಿನ ಪಕ್ಕೆ ಹೊರಕ್ಕೆ ಉಬ್ಬುತ್ತದೆ, ಕಲ್ಲಿಗೆ ಬೇಗ ಸಿಗುತ್ತದೆ. ಹೊಂಡದಲ್ಲಿ ರಿಮ್ಮಿಗೆ ಪೆಟ್ಟು ಬೀಳುತ್ತದೆ. ಒಳ್ಳೆಯ ಟೈರಿನಲ್ಲೂ ಒತ್ತಡ ತಿಂಗಳಿಗೆ ಒಂದೆರಡು ಪಿಎಸ್‌ಐ ಸಹಜವಾಗಿಯೇ ಇಳಿಯುತ್ತದೆ.

ಈ ಪಟ್ಟಿಯನ್ನು ಮುಂದಿಟ್ಟುಕೊಂಡು ನೋಡಿದರೆ ಗಾಳಿಯಿಲ್ಲದ ಟೈರಿನ ಭರವಸೆ ನಿಜಕ್ಕೂ ದೊಡ್ಡದು. ಅದಕ್ಕೆ ಪಕ್ಕೆಯೇ ಇಲ್ಲ. ಸೋರುವುದಕ್ಕೆ ಗಾಳಿ ಇಲ್ಲ. ಮೊಳೆ ಹೊಕ್ಕರೆ ಹೊಕ್ಕೇ ಇರಲಿ, ಸಂಜೆ ಕಿತ್ತರಾಯಿತು. ಮಿಶೆಲಿನ್ ಕಂಪನಿಯ ಅಂದಾಜಿನ ಪ್ರಕಾರ ಲೋಕದಲ್ಲಿ ಅಕಾಲದಲ್ಲಿ ಗುಜರಿ ಸೇರುವ ಟೈರು ಸುಮಾರು ಶೇ. 20, ಅದರಲ್ಲಿ ಶೇ. 12 ಪಂಚರು ಮತ್ತು ಗಾಳಿ ಹೋಗುವ ಕಾರಣಕ್ಕೆ, ಶೇ. 8 ಗಾಳಿಯ ಒತ್ತಡ ಸರಿಯಿಲ್ಲದೆ ಓರೆಕೋರೆಯಾಗಿ ಸವೆಯುವ ಕಾರಣಕ್ಕೆ. ನಮ್ಮ ವ್ಯಾನಿನಲ್ಲಿ ಈ ಪಾಲು ಅದಕ್ಕಿಂತ ಹೆಚ್ಚೇ ಇತ್ತು.

ಗಾಳಿ ಮಾಡುತ್ತಿದ್ದ ಕೆಲಸ

ಗಾಳಿಯನ್ನು ತೆಗೆದುಹಾಕುವ ಮೊದಲು ಅದು ಅಲ್ಲಿ ಏನು ಮಾಡುತ್ತಿತ್ತು ಎಂದು ತಿಳಿಯಬೇಕು. ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಗಾಳಿ ಟೈರಿಗೆ ಪೇಟೆಂಟ್ ಪಡೆದಿದ್ದ. 1888ರಲ್ಲಿ ಜಾನ್ ಬಾಯ್ಡ್ ಡನ್ಲಪ್ ಅದನ್ನು ಮತ್ತೆ ಕಂಡುಹಿಡಿದು ಬಳಕೆಗೆ ತಂದ. ಅಂದಿನಿಂದ ಇಂದಿನವರೆಗೆ ಅದನ್ನು ಕೆಳಗಿಳಿಸಲು ಯಾವುದಕ್ಕೂ ಆಗಿಲ್ಲ ಎಂದರೆ ಗಾಳಿಗೆ ಗಟ್ಟಿಯಾದ ಗುಣಗಳಿರಲೇಬೇಕು.

ನಮ್ಮ ವ್ಯಾನಿನ ಒಂದು ಚಕ್ರದ ಮೇಲೆ ತುಂಬಿದ ಸ್ಥಿತಿಯಲ್ಲಿ ಸರಾಸರಿ 375 ಕೆ.ಜಿ. ಭಾರ ಬೀಳುತ್ತದೆ. ಟೈರಿನ ಒಳಗೆ 33 ಪಿಎಸ್‌ಐ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 2.3 ಕೆ.ಜಿ. ಒತ್ತಡವಿದೆ ಎಂದುಕೊಳ್ಳಿ. ಭಾರವನ್ನು ಒತ್ತಡದಿಂದ ಭಾಗಿಸಿದರೆ ನೆಲಕ್ಕೆ ತಾಗುವ ಜಾಗ ಸುಮಾರು 160 ಚದರ ಸೆಂ.ಮೀ. ಬರುತ್ತದೆ. ಹದಿಮೂರು ಸೆಂಟಿಮೀಟರಿಗೂ ಕಡಿಮೆ ಉದ್ದಗಲದ ಒಂದು ಚೌಕ. ಭಾರ ಕಡಿಮೆಯಾದರೆ ಆ ಜಾಗ ತಾನಾಗಿ ಕಿರಿದಾಗುತ್ತದೆ, ಹೆಚ್ಚಿದರೆ ಹಿಗ್ಗುತ್ತದೆ. ಕಲ್ಲು ಸಿಕ್ಕರೆ ರಬ್ಬರು ಅದರ ಸುತ್ತ ಮಡಚಿ ದಾಟುತ್ತದೆ. ಒಳಗಿನ ಗಾಳಿಯ ಒತ್ತಡ ಅಷ್ಟಕ್ಕೆಲ್ಲ ಬದಲಾಗುವುದಿಲ್ಲ. ಭಾರ ಹೆಚ್ಚು ಹೇರುವ ದಿನ ಇನ್ನೆರಡು ಪಿಎಸ್‌ಐ ತುಂಬಿಸಿಕೊಳ್ಳಬಹುದು. ಪೈಸೆ ಖರ್ಚಿಲ್ಲದೆ ಬಿಗಿ ಬದಲಾಯಿಸಬಹುದಾದ ಇಂಥ ಸ್ಪ್ರಿಂಗ್ ಬೇರೆ ಇಲ್ಲ. ಅದಕ್ಕೆ ತೂಕವೂ ಇಲ್ಲ, ಅದು ಸವೆಯುವುದೂ ಇಲ್ಲ.

ಗಾಳಿಯಿಲ್ಲದ ಕಾರು ಟೈರಿನಲ್ಲಿ ಈ ಕೆಲಸವನ್ನು ಮೂರು ಭಾಗಗಳು ಹಂಚಿಕೊಳ್ಳುತ್ತವೆ. ಹೊರಗೆ ನೆಲಕ್ಕೆ ತಾಗುವ ರಬ್ಬರು. ಅದರೊಳಗೆ, ಉದ್ದಕ್ಕೆ ಎಳೆಯಲಾಗದ ಆದರೆ ಬಾಗಬಲ್ಲ ಒಂದು ಪಟ್ಟಿ. ಆ ಪಟ್ಟಿಯಿಂದ ನಡುವಿನ ಗುಂಬದವರೆಗೆ ಪಾಲಿಯುರೆಥೇನಿನದೋ ಗಾಜಿನ ನಾರು ಸೇರಿಸಿದ ರಾಳದ್ದೋ ತೆಳುವಾದ, ಅಗಲವಾದ ಕಡ್ಡಿಗಳ ಸಾಲು. ಕೆಳಗಿನ ಕಡ್ಡಿಗಳು ಗಾಡಿಯನ್ನು ಎತ್ತಿ ನಿಲ್ಲಿಸಿವೆ ಎಂದು ನೋಡಿದವರಿಗೆ ಅನಿಸುತ್ತದೆ. ನಡೆಯುವುದು ತಿರುಗುಮುರುಗು: ನೆಲದ ಬದಿಯ ಕಡ್ಡಿಗಳು ಮಡಚಿ ಸುಮ್ಮನಾಗುತ್ತವೆ, ಮೇಲಿನ ಕಡ್ಡಿಗಳು ಎಳೆತದಲ್ಲಿ ಗುಂಬವನ್ನು ನೇತುಹಾಕಿಕೊಂಡಿರುತ್ತವೆ. ಸೈಕಲ್ಲಿನ ತಂತಿಕಡ್ಡಿಗಳು ಬಿಗಿಯಿಂದಲೇ ಭಾರ ಹೊರುತ್ತವಲ್ಲ, ಇದೂ ಆ ಜಾತಿಯದೇ. ಒಂದೆರಡು ಕಡ್ಡಿ ತುಂಡಾದರೂ ಗಾಡಿ ನಿಲ್ಲದಿರುವುದು ಇದರಿಂದಲೇ. ಇಷ್ಟು ಚೆಂದದ ಯೋಚನೆ ಚಕ್ರದ ಇತಿಹಾಸದಲ್ಲಿ ಅಪರೂಪ ಎಂದು ನನಗೆ ಅನಿಸುತ್ತದೆ.

ಆದರೆ ಪ್ರತಿ ಕಡ್ಡಿಯೂ ಪ್ರತಿ ಸುತ್ತಿಗೆ ಒಮ್ಮೆ ಮಡಚಿ ನೆಟ್ಟಗಾಗಬೇಕು. ನಮ್ಮ ವ್ಯಾನಿನ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 600 ಸಲ ಸುತ್ತುತ್ತದೆ. 40,000 ಕಿ.ಮೀ. ಓಡುವಷ್ಟರಲ್ಲಿ ಒಂದೊಂದು ಕಡ್ಡಿ 2.4 ಕೋಟಿ ಸಲ ಬಾಗಿರುತ್ತದೆ. ಹಾಗೆ ಬಾಗುವಾಗ ಒಂದಷ್ಟು ಶಕ್ತಿ ಬಿಸಿಯಾಗಿ ಹೋಗುತ್ತದೆ. ವೇಗ ಹೆಚ್ಚಿದಷ್ಟೂ ಬಿಸಿ ಹೊರಹೋಗಲು ಸಮಯ ಸಾಲುವುದಿಲ್ಲ. ಕಡ್ಡಿ ನೆಲ ಬಿಟ್ಟೊಡನೆ ಪಟ್ಟನೆ ನೆಟ್ಟಗಾಗುವುದರಿಂದ ಸದ್ದು, ನಡುಕ. ಮೊದಲ ಮಾದರಿಗಳನ್ನು ಕಾಡಿದ್ದು ಇವೇ.

ಲೋಕದಲ್ಲಿ ಇದು ಎಲ್ಲಿಗೆ ಮುಟ್ಟಿದೆ

ಮಿಶೆಲಿನ್ ತನ್ನ ಟ್ವೀಲ್ ಎಂಬ ಮಾದರಿಯನ್ನು 2005ರಲ್ಲಿ ತೋರಿಸಿತು. 2014ರಲ್ಲಿ ಅಮೆರಿಕದ ಸೌತ್ ಕೆರೊಲಿನಾದಲ್ಲಿ ಅದಕ್ಕೆಂದೇ ಕಾರ್ಖಾನೆ ತೆರೆಯಿತು. ಆದರೆ ಅಲ್ಲಿ ತಯಾರಾದವು ಹೋದದ್ದು ಹುಲ್ಲು ಕತ್ತರಿಸುವ ಯಂತ್ರಕ್ಕೆ, ಕಟ್ಟಡದ ಕೆಲಸದ ಸಣ್ಣ ಲೋಡರಿಗೆ. ಕಾರಿಗೆಂದು ಅಪ್ಟಿಸ್ ಎಂಬ ಮಾದರಿಯನ್ನು ಜನರಲ್ ಮೋಟಾರ್ಸ್ ಜೊತೆ 2019ರಲ್ಲಿ ಪ್ರಕಟಿಸಿ, 2024ರ ಹೊತ್ತಿಗೇ ಕಾರುಗಳಲ್ಲಿ ತರುವ ಗುರಿ ಹೇಳಿದ್ದರು. ಆ ವರ್ಷ ಕಳೆಯಿತು, ಟೈರು ಅಂಗಡಿಗೆ ಬರಲಿಲ್ಲ. ಬದಲಿಗೆ 2023ರಲ್ಲಿ ಸಿಂಗಾಪುರದಲ್ಲಿ ಡಿಎಚ್‌ಎಲ್ ಸಂಸ್ಥೆಯ ಸರಕು ವ್ಯಾನುಗಳಿಗೆ, ಆಮೇಲೆ ಫ್ರಾನ್ಸಿನ ಅಂಚೆ ಸಂಸ್ಥೆ ಲಾ ಪೋಸ್ಟ್‌ನ ವ್ಯಾನುಗಳಿಗೆ ಪರೀಕ್ಷೆಗೆಂದು ಹಾಕಿದರು. ಬ್ರಿಜ್‌ಸ್ಟೋನ್ 2011ರಲ್ಲಿ ಟೋಕಿಯೊದಲ್ಲಿ ತೋರಿಸಿದ ಮಾದರಿ ಈಗ ಜಪಾನಿನ ಹಿಗಾಶಿಓಮಿಯಲ್ಲಿ ಗಂಟೆಗೆ 20 ಕಿ.ಮೀ.ಗೂ ಕಡಿಮೆ ವೇಗದ ಊರಗಾಡಿಗಳಲ್ಲಿ ಓಡಿದೆ. ಗುಡ್‌ಇಯರ್ 2021ರಲ್ಲಿ ಅಮೆರಿಕದ ಜ್ಯಾಕ್ಸನ್‌ವಿಲ್‌ನಲ್ಲಿ ಚಾಲಕರಿಲ್ಲದ ಸಣ್ಣ ಬಸ್ಸಿಗೆ ಹಾಕಿ ನೋಡಿತು.

ಈ ಹೆಸರುಗಳನ್ನು ಒಟ್ಟಿಗಿಟ್ಟು ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಇಷ್ಟು ವರ್ಷಗಳ ಮೇಲೂ ಕಂಪನಿಗಳು ಆರಿಸಿಕೊಳ್ಳುತ್ತಿರುವುದು ನಿಧಾನ ಓಡುವ, ಗೊತ್ತಾದ ದಾರಿಯ, ಸಂಜೆ ಒಂದೇ ಜಾಗಕ್ಕೆ ಮರಳುವ, ನಿಂತರೆ ಕೆಲಸ ಕೆಡುವ ಗಾಡಿಗಳನ್ನು. ನಮ್ಮ ಹೋಂ ಕೇರ್ ವ್ಯಾನು ಆ ಸಾಲಿಗೆ ಪೂರ್ತಿ ಸೇರುತ್ತದೆ. ಚಾಲಕರು ಮೊಬೈಲಿನಲ್ಲಿ ಕಂಡದ್ದು ಐಷಾರಾಮಿ ಕಾರಿನ ವಿಡಿಯೋ. ಅವರಿಗೆ ಹೊಳೆದದ್ದು ಅದಕ್ಕಿಂತ ಸರಿಯಾದ ಬಳಕೆ.

ನಮ್ಮ ದಾರಿಯಲ್ಲಿ ಇಟ್ಟು ನೋಡಿದಾಗ

ವೇಗದ ತಕರಾರು ನಮಗಿಲ್ಲ. ಒಳದಾರಿಯಲ್ಲಿ ವ್ಯಾನು ಗಂಟೆಗೆ 40 ಕಿ.ಮೀ. ದಾಟುವುದೇ ಕಡಿಮೆ. ನನ್ನನ್ನು ತುಂಬ ಯೋಚನೆಗೆ ಹಚ್ಚಿದ್ದು ಕೆಸರು.

ಕಡ್ಡಿಗಳ ನಡುವೆ ಎರಡೂ ಬದಿ ತೆರೆದ ಗೂಡುಗಳಿರುತ್ತವೆ. ಸಿಂಗಾಪುರದ ರಸ್ತೆಯಲ್ಲಿ ಅಲ್ಲಿಗೆ ಮಳೆನೀರು ಹೋದೀತು, ಹೊರಬಂದೀತು. ವಾಣಿನಗರದ ಕಡೆಯ ಅಂಟು ಕೆಮ್ಮಣ್ಣು ಹಾಗಲ್ಲ. ಒಂದು ಬದಿಯಲ್ಲಿ ಬರೇ 100 ಗ್ರಾಂ ಕೆಸರು, ಚಕ್ರದ ನಡುವಿನಿಂದ 20 ಸೆಂ.ಮೀ. ದೂರದಲ್ಲಿ ಅಂಟಿ ಒಣಗಿತು ಎಂದುಕೊಳ್ಳಿ. 40 ಕಿ.ಮೀ. ವೇಗದಲ್ಲಿ ಅದು ಚಕ್ರವನ್ನು ಸುಮಾರು 3.5 ಕೆ.ಜಿ. ಬಲದಿಂದ ಹೊರಕ್ಕೆ ಎಳೆಯುತ್ತದೆ. ಹೆದ್ದಾರಿಗೆ ಬಂದು 80ಕ್ಕೆ ಏರಿಸಿದರೆ ಆ ಬಲ ನಾಲ್ಕು ಪಟ್ಟಾಗಿ 14 ಕೆ.ಜಿ. ಮುಟ್ಟುತ್ತದೆ. ಚಕ್ರ ಸುತ್ತಿದಂತೆ ಈ ಎಳೆತ ಸೆಕೆಂಡಿಗೆ 13 ಸಲ ಮೇಲೆ ಕೆಳಗೆ ತಿರುಗುತ್ತದೆ. ಸ್ಟೀರಿಂಗು ನಡುಗುತ್ತದೆ, ಬೇರಿಂಗು ಸವೆಯುತ್ತದೆ. ಮೂಳೆಗೆ ಕ್ಯಾನ್ಸರು ಹರಡಿದ ರೋಗಿ ಒಳಗೆ ಮಲಗಿದ್ದರೆ ಈ ನಡುಕ ಬರೀ ಅಂಕಿಯಾಗಿ ಉಳಿಯುವುದಿಲ್ಲ. ಇದಲ್ಲದೆ ಮುರಕಲ್ಲಿನ ಚೂರು ಎರಡು ಕಡ್ಡಿಗಳ ನಡುವೆ ಸಿಕ್ಕಿದರೆ, ಮಡಚುವ ಪ್ರತಿ ಸಲವೂ ಕಡ್ಡಿಯ ಮೈಯನ್ನು ಕೊರೆಯುತ್ತದೆ. ಬದಿಯನ್ನು ಮುಚ್ಚಿದ ಮಾದರಿ ಮಾಡಬಹುದು. ಆಗ ಬಿಸಿ ಹೊರಹೋಗುವ ದಾರಿ ಕಡಿಮೆಯಾಗುತ್ತದೆ. ಒಂದನ್ನು ಸರಿಮಾಡಿದರೆ ಇನ್ನೊಂದು ಕೈತಪ್ಪುತ್ತದೆ.

ಎರಡನೆಯದು ಭಾರದ ಮಾತು. ಬೆಳಿಗ್ಗೆ ಒಂದೂವರೆ ಟನ್ ಇದ್ದ ಗಾಡಿ ನೀರುಹಾಸಿಗೆ, ಸಿಲಿಂಡರು ಇಳಿಸಿ, ಸ್ವಯಂಸೇವಕರನ್ನೂ ಅವರವರ ಮನೆಯ ಹತ್ತಿರ ಬಿಟ್ಟು ಒಂದು ಟನ್ನಿನ ಹತ್ತಿರಕ್ಕೆ ಇಳಿಯುತ್ತದೆ. ಕಡ್ಡಿಯ ಬಿಗಿ ಕಾರ್ಖಾನೆಯಲ್ಲೇ ತೀರ್ಮಾನವಾಗಿರುತ್ತದೆ. ತುಂಬಿದ ಗಾಡಿಗೆ ಸರಿಯಾಗಿ ಮಾಡಿದರೆ ಖಾಲಿ ಗಾಡಿ ಕುಲುಕುತ್ತದೆ. ಖಾಲಿಗೆ ತಕ್ಕ ಹಾಗೆ ಮಾಡಿದರೆ ತುಂಬಿದಾಗ ಕಡ್ಡಿಗಳು ಹೆಚ್ಚು ಬಾಗಿ ಬೇಗ ದಣಿಯುತ್ತವೆ.

ಮೂರನೆಯದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಇಲ್ಲಿ ನಾಲ್ಕು ಅಂಗಡಿ ಇರುವ ಪೇಟೆಯಲ್ಲೂ ಪಂಚರ್ ಹಾಕುವವರು ಒಬ್ಬರಿದ್ದಾರೆ. ರಾತ್ರಿ ಫೋನು ಮಾಡಿದರೆ ಎದ್ದು ಬರುತ್ತಾರೆ. ಪಾಲಿಯೇಟಿವ್ ಗಾಡಿ ಎಂದರೆ ದುಡ್ಡು ತೆಗೆದುಕೊಳ್ಳದವರೂ ಇದ್ದಾರೆ. ಬಾಗಿದ ಉಕ್ಕಿನ ರಿಮ್ಮನ್ನು ಬಡಿದು ಸರಿಮಾಡಿ ಕೊಡುತ್ತಾರೆ. ಇವರ ಕೈಕೆಲಸ ಗಡಿಯ ಆಚೆ ವಿಟ್ಲದಲ್ಲೂ ಈಚೆ ಮುಳ್ಳೇರಿಯದಲ್ಲೂ ಒಂದೇ. ಗಾಳಿಯಿಲ್ಲದ ಟೈರು ತನ್ನದೇ ರಿಮ್ಮಿನ ಜೊತೆ ಒಂದೇ ತುಂಡಾಗಿ ಬರುತ್ತದೆ. ಅದು ಗಾಡಿಯನ್ನು ದಾರಿಯ ನಡುವೆ ನಿಲ್ಲಿಸುವುದು ಅಪರೂಪ, ನಿಜ. ಆದರೆ ಕೆಟ್ಟಾಗ ಅದನ್ನು ಮುಟ್ಟಬಲ್ಲವರು ಈ ಕಡೆ ಯಾರೂ ಇರುವುದಿಲ್ಲ. ಹೊಸದು ಬರುವವರೆಗೆ ವ್ಯಾನು ಅಂಗಳದಲ್ಲಿ. ಒಂದು ಗಂಟೆಯ ತಡವನ್ನು ಕೊಟ್ಟು ಒಂದು ವಾರದ ತಡವನ್ನು ಕೊಂಡುಕೊಳ್ಳುವ ವ್ಯಾಪಾರಕ್ಕೆ ನಾನು ಒಪ್ಪುವುದಿಲ್ಲ.

ಕಾನೂನಿನ ಅಡ್ಡಿಯೂ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 94ನೇ ನಿಯಮ ರೋಡ್ ರೋಲರಿನಂಥವನ್ನು ಬಿಟ್ಟು ಉಳಿದ ವಾಹನಗಳಿಗೆ ಗಾಳಿ ತುಂಬುವ ಟೈರೇ ಇರಬೇಕು, ಅದರಲ್ಲಿ ಸರಿಯಾದ ಗಾಳಿಯೂ ಇರಬೇಕು ಎನ್ನುತ್ತದೆ. ಟೈರಿನ ಗುಣಮಟ್ಟದ 2009ರ ಆದೇಶವೂ ಗಾಳಿ ಟೈರಿನ ಮೇಲೆಯೇ ನಿಂತಿದೆ. ಇವು ಬದಲಾಗದೆ ಕೆಎಲ್-14 ನಂಬರಿನ ನಮ್ಮ ವ್ಯಾನಿಗೆ ಅದನ್ನು ಹಾಕಿ ರೋಗಿಯನ್ನು ಕೂರಿಸಿಕೊಂಡು ಹೋಗುವುದು ಸಾಧ್ಯವಿಲ್ಲ. ಅಪಘಾತವಾದರೆ ವಿಮೆಯವರ ಮುಂದೆ ಏನು ಹೇಳುವುದು? ಬೆಲೆಯ ಮಾತು ಇದರ ಮುಂದೆ ಚಿಕ್ಕದು, ಅಂಗಡಿಯಲ್ಲೇ ಇಲ್ಲದ ಮಾಲಿಗೆ ಬೆಲೆ ಕೇಳುವುದು ಹೇಗೆ.

ಹೊರಗಿನ ರಬ್ಬರು ಇದರಲ್ಲೂ ಸವೆಯುತ್ತದೆ ಎಂಬುದನ್ನು ವಿಡಿಯೋ ನೋಡಿದವರು ಮರೆಯುತ್ತಾರೆ. ಬಂದಡ್ಕದ ರಬ್ಬರು ತೋಟದವರು ಹೆದರಬೇಕಾಗಿಲ್ಲ.

ಮನೆಯ ಕಾರಿನಲ್ಲಿ ಹೊಸ ಷಟ್ಪಥದ ಮೇಲೆ 90, 100ರಲ್ಲಿ ಮಂಗಳೂರಿಗೆ ಹೋಗಿಬರುವವರಿಗೆ ನನ್ನ ಉತ್ತರ ಇನ್ನೂ ನೇರ. ಅವರಿಗೆ ಇದರಿಂದ ಸಿಗುವ ಲಾಭ ಕಡಿಮೆ, ಬಿಸಿ ಮತ್ತು ನಡುಕದ ತೊಂದರೆ ಹೆಚ್ಚು. ಈಗಿನ ಟ್ಯೂಬ್‌ಲೆಸ್ ಟೈರು, ಒತ್ತಡ ತೋರಿಸುವ ಸೆನ್ಸರು, ಪಂಚರ್ ಕಿಟ್ಟು ಇವೇ ಸಾಕು. 2020ರಲ್ಲಿ ಕೇಂದ್ರ ಸರ್ಕಾರ ಈ ಮೂರೂ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು ನಿಯಮ ಸಡಿಲಿಸಿದ್ದೂ ಈ ಧೈರ್ಯದಿಂದಲೇ. ನಮ್ಮ ಒಳದಾರಿಯಲ್ಲಿ ಮಾತ್ರ ಸ್ಟೆಪ್ನಿ ಬಿಟ್ಟು ಹೊರಡಬೇಡಿ. ಹರಿದ ಪಕ್ಕೆಗೆ ಕಿಟ್ಟಿನಲ್ಲಿ ಮದ್ದಿಲ್ಲ.

ನಾವು ಮಾಡಿದ್ದು

ಸಭೆ ಎರಡು ತೀರ್ಮಾನ ತೆಗೆದುಕೊಂಡಿತು. ಒಂದು, ಗಾಳಿಯಿಲ್ಲದ ಟೈರಿನಿಂದ ಬಯಸಿದ ನೆಮ್ಮದಿಯಲ್ಲಿ ಎಷ್ಟನ್ನು ಗಾಳಿ ಟೈರಿನಿಂದಲೇ ಪಡೆಯಬಹುದೋ ಅಷ್ಟನ್ನು ಪಡೆಯುವುದು. ಬೆಳಿಗ್ಗೆ ಚಕ್ರ ತಣ್ಣಗಿರುವಾಗ ಗೇಜು ಹಿಡಿದು ಗಾಳಿ ನೋಡಿ, ಬಾಗಿಲಿನ ಸ್ಟಿಕ್ಕರಿನಲ್ಲಿ ತುಂಬಿದ ಗಾಡಿಗೆ ಹೇಳಿದ ಅಳತೆಗೆ ತರುವುದು. ವಾಲ್ವಿಗೆ ಸಿಕ್ಕಿಸುವ ಸೆನ್ಸರು, ಬ್ಯಾಟರಿಯಿಂದ ಓಡುವ ಸಣ್ಣ ಪಂಪು, ಪಂಚರ್ ಕಿಟ್ಟು ಗಾಡಿಯಲ್ಲೇ ಇಡುವುದು. ಟೈರು ಬದಲಾಯಿಸುವಾಗ ಅದೇ ಅಳತೆಯಲ್ಲಿ ಸರಕು ಗಾಡಿಗೆಂದು ಮಾಡಿದ, ಪಕ್ಕೆ ದಪ್ಪ ಇರುವುದನ್ನು ಹಾಕಿಸುವುದು. ಜೂನಿನಿಂದ ಸೆಪ್ಟೆಂಬರಿನವರೆಗೆ ಎರಡು ಸ್ಟೆಪ್ನಿ. ಎರಡನೆಯದು ಜಾಗ ತಿನ್ನುತ್ತದೆ, ಒಬ್ಬ ಸ್ವಯಂಸೇವಕರು ಬೈಕಿನಲ್ಲಿ ಬರಬೇಕಾಗುತ್ತದೆ, ಒಪ್ಪಿಕೊಂಡರು. ರೋಗಿಗಳ ಮನೆಯವರಲ್ಲಿ ಕೇಳಿಕೊಂಡು ತೋಟದ ದಾರಿಯ ತಿರುವುಗಳಲ್ಲಿ ಎದ್ದುನಿಂತ ಮುರಕಲ್ಲಿನ ಅಂಚುಗಳನ್ನು ಸುತ್ತಿಗೆಯಿಂದ ಒಡೆದು ಮೊಂಡು ಮಾಡಿಸಿದೆವು. ಇದಕ್ಕೆ ಖರ್ಚೇ ಆಗಲಿಲ್ಲ. ನನ್ನ ಲೆಕ್ಕದಲ್ಲಿ ಹೆಚ್ಚು ಪ್ರಯೋಜನವಾದದ್ದೂ ಇದರಿಂದಲೇ. ಆಮೇಲೆ ಆ ಮಳೆಗಾಲದಲ್ಲಿ ಪಕ್ಕೆ ಹರಿದ ದಾಖಲೆ ಪುಸ್ತಕದಲ್ಲಿ ಬರಲಿಲ್ಲ, ಮೊಳೆಯದ್ದು ಮಾತ್ರ ಮುಂದುವರಿದಿದೆ.

ಎರಡನೆಯ ತೀರ್ಮಾನ, ಕಾನೂನು ದಾರಿ ಬಿಟ್ಟ ದಿನ, ಯಾರಾದರೂ ತಯಾರಕರು ಇಂಥ ಗಾಡಿಯನ್ನು ಪರೀಕ್ಷೆಗೆ ಕೇಳಿದರೆ ನಮ್ಮದನ್ನು ಕೊಡುವುದು. ಷರತ್ತುಗಳನ್ನೂ ಬರೆದಿಟ್ಟಿದ್ದೇವೆ: ಹಳೆಯ ಚಕ್ರಗಳ ಒಂದು ಪೂರ್ತಿ ಜೊತೆ ನಮ್ಮಲ್ಲೇ ಇರಬೇಕು, ಒಂದು ಇಡೀ ಮಳೆಗಾಲ ಒಳದಾರಿಯಲ್ಲಿ ರೋಗಿ ಇಲ್ಲದೆ, ತೂಕದ ಚೀಲ ಹೇರಿ ಓಡಿಸಬೇಕು, ಕಡ್ಡಿ ಕೆಟ್ಟರೆ ಬದಲಿ ಚಕ್ರ ಎಷ್ಟು ದಿನದಲ್ಲಿ ಬದಿಯಡ್ಕಕ್ಕೆ ಬರುತ್ತದೆ ಎಂದು ಬರೆದುಕೊಡಬೇಕು, ಇಲ್ಲಿನ ಪಂಚರ್ ಅಂಗಡಿಯ ಒಬ್ಬರಿಗಾದರೂ ಆ ಚಕ್ರದ ಕೆಲಸ ಕಲಿಸಬೇಕು.

ಹಾಗೆ ಕೇಳುವವರು ಬಂದಾಗ ಅವರ ಕೈಗೆ ಕೊಡಲು ಏನಾದರೂ ಇರಬೇಕಲ್ಲ ಎಂದು ಚಾಲಕರೇ ಒಂದು ಉಪಾಯ ಹೇಳಿದರು. ಈಗ ಸಂಜೆ ಗಾಡಿ ತೊಳೆಯುವ ಮೊದಲು ನಾಲ್ಕೂ ರಿಮ್ಮುಗಳ ಒಳಬದಿಗೆ ಅಂಟಿದ ಕೆಸರನ್ನು ಕೆರೆದು ತೂಗಿ, ಆ ದಿನ ಹೋದ ದಾರಿಯ ಹೆಸರಿನ ಎದುರು ಲಾಗ್ ಪುಸ್ತಕದಲ್ಲಿ ಬರೆಯುತ್ತಿದ್ದೇವೆ.